ಪುಟ್ಟಿಗೆ, ‘ಡ್ರೈವ್ ಹೋಮ್’ ಕುರಿತು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಉಭಯ ಕುಶಲೋಪರಿ. ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಗೆ, ಸಹಿಗಿಂತ ಸ್ವಲ್ಪ ಮೇಲೆ, ‘ಇನ್ನು ಮೇಲೆ ಮೀಟಿಂಗಿನಲ್ಲಿ ನಾನು ಬಾಯಿ ತೆರೆಯುವುದಿಲ್ಲ ದೊಡ್ಡಪ್ಪ’ ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲು ಎರಡು ದಿನದಿಂದ ನನ್ನನ್ನು ಕಾಡುತ್ತಿದೆ.

ನಿನ್ನ ವರದಿಯ ಒಂದು ವಾಕ್ಯಕ್ಕೆ ಗೆರೆ ಎಳೆದು ಅಂಚಿನಲ್ಲಿ ಮೇಲಧಿಕಾರಿ ‘ಡ್ರೈವ್ ದಿಸ್ ಹೋಮ್’ ಎಂದು ಬರೆದರು, ನೀನು ಅದನ್ನು ಮನೆಗೆ ಒಯ್ದು ಮಾಡಬೇಕಾದ ಕೆಲಸವೆಂದು ತಿಳಿದು ಶನಿವಾರ ಭಾನುವಾರ ಎರಡೂ ದಿನ ಕುಳಿತು ಇಡೀ ವರದಿಯನ್ನು ತಿದ್ದಿದೆ, ಸೋಮವಾರ ಅದನ್ನು ಹೇಳಿದಾಗ ಇಬ್ಬರು ನಕ್ಕರು. ನಡೆದದ್ದು ಇಷ್ಟೇ. ಆ ಮೂರು ಪದಗಳಲ್ಲಿ ನಿನಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ, ಮೂರನ್ನೂ ನೀನು ಐದನೆಯ ತರಗತಿಯಲ್ಲೇ ಕಲಿತಿದ್ದೆ. ಗೊತ್ತಿರುವ ಪದಗಳೇ ಒಟ್ಟುಗೂಡಿ ಗೊತ್ತಿಲ್ಲದ ಅರ್ಥ ಕೊಡುವುದು ಇಂಗ್ಲಿಷಿನ ಫ್ರೇಸಲ್ ವರ್ಬುಗಳ, ಅಂದರೆ ಇನ್ನೊಂದು ಪುಟ್ಟ ಪದವನ್ನು ಜೊತೆಗೆ ಕೂಡಿಸಿಕೊಂಡ ಕ್ರಿಯಾಪದಗಳ, ಸ್ವಭಾವ. 1755ರಲ್ಲಿ ತನ್ನ ನಿಘಂಟನ್ನು ಹೊರತಂದ ಸ್ಯಾಮ್ಯುಯಲ್ ಜಾನ್ಸನ್, ಹೊರಗಿನವರಿಗೆ ಅತಿ ಹೆಚ್ಚು ಕಷ್ಟ ಕೊಡುವುದು ಈ ಬಗೆಯ ಕ್ರಿಯಾಪದಗಳೇ ಎಂದು ಅದರ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಆ ಭಾಷೆಯ ನಿಘಂಟುಕಾರನೇ ಕಷ್ಟವೆಂದದ್ದರಲ್ಲಿ ನೀನು ಒಮ್ಮೆ ಎಡವಿದ್ದಕ್ಕೆ ಬಾಯಿಗೆ ಬೀಗ ಹಾಕಿಕೊಳ್ಳುವುದೇ?

ಈ ‘ಹೋಮ್’ ಮನೆಯಲ್ಲ, ಪುಟ್ಟಿ. ಒಂದು ವಸ್ತು ಹೋಗಿ ಸೇರಬೇಕಾದ ಕಟ್ಟಕಡೆಯ ಜಾಗ ಎಂಬ ಅರ್ಥ ಅದಕ್ಕುಂಟು. ನಮ್ಮ ನಡುಮನೆಯ ಬಾಗಿಲಿಗೆ ಹೊಸ ಚೌಕಟ್ಟು ಕೂರಿಸಿದ ದಿನ ನೀನು ಆಚಾರ್ರ ಪಕ್ಕದಲ್ಲೇ ಕುಳಿತಿದ್ದೆ. ಮೊಳೆ ಅರ್ಧ ಹೊರಗಿರುವ ತನಕ ಸುತ್ತಿಗೆಯ ಏಟು ಠಣ್ ಠಣ್ ಎನ್ನುತ್ತಿತ್ತು, ತಲೆ ಮರಕ್ಕೆ ಸಮನಾಗುತ್ತಲೇ ಸದ್ದು ಬದಲಾಗಿ ಧಪ್ ಎಂದಿತು. ಆಚಾರ್ರು ಅದರ ಮೇಲೆ ಹೆಬ್ಬೆರಳು ಸವರಿ ‘ಕೂತಿತು’ ಎಂದರು. ಇಂಗ್ಲಿಷಿನವರು ಹಾಗೆ ಕೂತ ಮೊಳೆಯನ್ನು ‘ಡ್ರಿವನ್ ಹೋಮ್’ ಎನ್ನುತ್ತಾರೆ. ಮಾತಿಗೂ ಅದೇ ಲೆಕ್ಕ. ಕೇಳುವವನ ಕಿವಿಗೆ ಬಿದ್ದ ಮಾತು ಅವನ ಮನಸ್ಸಿನಲ್ಲಿ ಅಲ್ಲಾಡದಂತೆ ಕೂರುವಷ್ಟು ಒತ್ತಿ ಹೇಳುವುದು ‘ಡ್ರೈವ್ ಹೋಮ್’, ನಮ್ಮ ಮಾತಿನಲ್ಲಿ ಮನದಟ್ಟು ಮಾಡುವುದು, ಮನಸ್ಸಿಗೆ ನಾಟಿಸುವುದು. ಗದ್ದೆಯಲ್ಲಿ ಸಸಿ ನಾಟುವುದಕ್ಕೂ ಎದೆಗೆ ಮಾತು ನಾಟುವುದಕ್ಕೂ ಒಂದೇ ಪದವಿಟ್ಟುಕೊಂಡ ನಮಗೆ ಇದು ಪರಕೀಯವಾದ ಕಲ್ಪನೆಯೇನೂ ಅಲ್ಲ.

ನಿನ್ನ ಹೆದರಿಕೆಗೇ ಮತ್ತೆ ಬರುತ್ತೇನೆ, ಅದಕ್ಕೊಂದು ಕಾರಣವಿದೆ. ನಾನು ಹೈಸ್ಕೂಲಿಗೆ ಮೇಷ್ಟ್ರಾಗಿ ಸೇರಿದ ಮೂರನೆಯ ವರ್ಷ, ‘ಗೇವ್ ಅಪ್ ಸ್ಮೋಕಿಂಗ್’ ಎಂಬುದನ್ನು ಕನ್ನಡಕ್ಕೆ ತರಲು ಒಬ್ಬ ಹುಡುಗನನ್ನು ಎಬ್ಬಿಸಿದೆ. ಅವನು ‘ಹೊಗೆಯನ್ನು ಮೇಲಕ್ಕೆ ಕೊಟ್ಟನು’ ಎಂದ. ನಾನು ನಕ್ಕೆ. ಮೇಷ್ಟ್ರು ನಕ್ಕರೆಂದು ತರಗತಿಯೂ ನಕ್ಕಿತು. ಆ ವರ್ಷವೆಲ್ಲ ಆ ಹುಡುಗ ಮತ್ತೆ ಕೈ ಎತ್ತಲಿಲ್ಲ. ಅವನು ಪದಕ್ಕೆ ಪದವನ್ನು ಪ್ರಾಮಾಣಿಕವಾಗಿ ಇಟ್ಟಿದ್ದ, ಬಿಟ್ಟುಬಿಡುವುದಕ್ಕೆ ಹೀಗೂ ಹೇಳುತ್ತಾರೆಂದು ಮೊದಲೇ ಕಲಿಸಬೇಕಾಗಿದ್ದವನು ನಾನು. ಎಷ್ಟೋ ವರ್ಷಗಳ ಮೇಲೆ ಒಂದು ಮದುವೆಮನೆಯಲ್ಲಿ ಸಿಕ್ಕಿ, ಎದ್ದು ನಿಂತು ತನ್ನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟ. ಹೇಳಬೇಕಾದ ಮಾತು ನಾಲಗೆಯ ತುದಿಗೆ ಬಂದಿತ್ತು, ಹೇಳದೆ ಊಟಕ್ಕೆ ಎದ್ದುಹೋದೆ. ನಿನ್ನ ಆ ಸಾಲನ್ನು ಓದಿದಾಗ ನನಗೆ ಕಂಡದ್ದು ಅವನ ಮುಖ.

ನಿನಗೆ ಪಾಠ ಹೇಳಲು ಸಂಕೋಚವಾಗುತ್ತದೆ, ಆದರೂ ಉಪಯೋಗಕ್ಕೆ ಬಂದೀತೆಂದು ಒಂದೆರಡು ಮಾತು ಬರೆಯುತ್ತೇನೆ. ‘ಐ ವಿಲ್ ಡ್ರೈವ್ ಯೂ ಹೋಮ್’ ಎಂದರೆ ಕಾರಿನಲ್ಲಿ ಮನೆಗೆ ಬಿಡುವ ಮಾತೇ ಸರಿ, ಆದರೆ ಆ ‘ಯೂ’ ಇರುವ ಜಾಗದಲ್ಲಿ ಒಂದು ಪಾಯಿಂಟೋ ಪಾಠವೋ ಎಚ್ಚರಿಕೆಯೋ ಬಂದರೆ ಅದು ಮನದಟ್ಟು ಮಾಡುವ ಮಾತು. ‘ಡ್ರೈವ್ ದ ಪಾಯಿಂಟ್ ಹೋಮ್’, ‘ಡ್ರೈವ್ ಹೋಮ್ ದ ಪಾಯಿಂಟ್’ ಎರಡೂ ನಡೆಯುತ್ತವೆ, ‘ಇಟ್’ ಮಾತ್ರ ನಡುವೆಯೇ ಬರಬೇಕು. ಹೇಳುವುದು ಉದ್ದವಾಗಿದ್ದರೆ ‘ಹೋಮ್’ ಮೊದಲು ಬರುವುದು ಚೆನ್ನ. ಒಂದು ಅಪಘಾತ ಹೆಲ್ಮೆಟ್ಟಿನ ಅಗತ್ಯವನ್ನು ಊರಿಗೇ ಮನದಟ್ಟು ಮಾಡಿತು ಎನ್ನುವಾಗ ಪತ್ರಿಕೆಯವರು ‘ಡ್ರೋವ್ ಹೋಮ್ ದ ನೀಡ್ ಫಾರ್ ಹೆಲ್ಮೆಟ್ಸ್’ ಎಂದು ಬರೆಯುತ್ತಾರೆ, ಅಂದರೆ ಮನುಷ್ಯರಷ್ಟೇ ಅಲ್ಲ, ಘಟನೆಯೂ ಈ ಕೆಲಸ ಮಾಡಬಲ್ಲದು. ಸುಮ್ಮನೆ ವಿವರಿಸಿದರೆ ಸಾಕಾಗುವ ಕಡೆ ಇದನ್ನು ತರಬೇಡ. ಕೇಳಿಯೂ ತಲೆಗೆ ಹಾಕಿಕೊಳ್ಳದವರ ಎದುರಿಗೆ ಇದಕ್ಕೆ ತೂಕ. ‘ಹ್ಯಾಮರ್ ಹೋಮ್’ ಇನ್ನೂ ಗಟ್ಟಿಯಾದ ಏಟು, ಗಿರಾಕಿಗಳ ಮುಂದೆ ನೋಡಿಕೊಂಡು ಬಳಸು.

ನಿನ್ನ ಆಫೀಸಿನಲ್ಲಿ ಕನ್ನಡ ಕಲಿಯುತ್ತಿರುವವರು ಯಾರಾದರೂ ಇದ್ದರೆ ‘ಹೇಳಿಬಿಡು’, ‘ತಿಂದುಹಾಕಿದ’ ಎಂಬುವುಗಳ ಅರ್ಥ ಕೇಳಿ ನೋಡು. ಹೇಳಿದ ಮೇಲೆ ಬಿಡುವುದೇನನ್ನು, ತಿಂದ ಮೇಲೆ ಹಾಕುವುದೆಲ್ಲಿಗೆ ಎಂದು ಅವರು ತಡವರಿಸಿದರೆ ನೀನು ನಗುವುದಿಲ್ಲ, ಕೂರಿಸಿಕೊಂಡು ಹೇಳಿಕೊಡುತ್ತೀಯ. ಆ ಸೋಮವಾರ ನಿನಗೂ ಅಷ್ಟು ಸಿಗಬೇಕಾಗಿತ್ತು.

ನಿನ್ನ ವರದಿಯಲ್ಲಿ ಮೇಲಧಿಕಾರಿ ಗೆರೆ ಎಳೆದ ಆ ವಾಕ್ಯ ಯಾವುದೆಂದು ನೀನು ಬರೆದೇ ಇಲ್ಲ. ಅವರಿಗೆ ಬೇಕಾಗಿದ್ದದ್ದು ಆ ಒಂದು ವಾಕ್ಯಕ್ಕೆ ಒತ್ತು, ಇಡೀ ವರದಿಯ ತಿದ್ದುಪಡಿಯಲ್ಲ. ಮುಂದಿನ ಮೀಟಿಂಗಿನಲ್ಲಿ ಅದೊಂದನ್ನಾದರೂ ನೀನೇ ಎದ್ದು ಹೇಳು, ದನಿ ನಡುಗಿದರೂ ಚಿಂತೆಯಿಲ್ಲ. ಹೇಳಿದ ದಿನ ಸಂಜೆ ನನಗೊಂದು ಫೋನ್ ಮಾಡು, ಎಂಟು ಗಂಟೆಯವರೆಗೂ ಜಗಲಿಯಲ್ಲೇ ಇರುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ