ಆಸ್ಪತ್ರೆಯ ಫಾರಂನಲ್ಲಿ ಒಂದು ಪ್ರಶ್ನೆ ಕಡಿಮೆ

ಮಾನ್ಯ ಸಂಪಾದಕರೇ,

ಮೊನ್ನೆ ಮಂಡಿ ಆಪರೇಷನ್ ಆದ ನನ್ನ ಭಾವನಿಗೆ ನೋವಿಗೆಂದು ಟ್ರಮಡಾಲ್ ಎಂಬ ಅಫೀಮಿನ ಜಾತಿಯ ಮಾತ್ರೆ ಕೊಟ್ಟರು. ಮನೆಯಲ್ಲಿ ಯಾರಿಗಾದರೂ ಶುಗರ್, ಬಿಪಿ ಉಂಟಾ ಎಂದು ಕೇಳಿದರು. ಅಮಲಿನ ಚಟ ಉಂಟಾ ಎಂದು ಕೇಳಲೇ ಇಲ್ಲ. ಭಾವನ ಅಪ್ಪ ಕುಡಿದೇ ತೀರಿಕೊಂಡವರು.

ಅಫೀಮಿನ ಜಾತಿಯ ಮದ್ದಿಗೆ ಅಂಟಿಕೊಳ್ಳುವ ಅಪಾಯದಲ್ಲಿ ಸುಮಾರು ಅರ್ಧ ಪಾಲು ವಂಶದಿಂದ ಬರುತ್ತದೆ ಎನ್ನುತ್ತವೆ ಅವಳಿಗಳ ಅಧ್ಯಯನಗಳು. ಇದು ಒಂದೇ ಜೀನಿನ ಆಟವಲ್ಲ, ಹಲವು ಜೀನ್‌ಗಳ ಸಣ್ಣ ಸಣ್ಣ ಪಾಲು. ನಾವೋ ಸುಮ್ನೆ ‘ಅವನ ಕೊಬ್ಬು’ ಎಂದುಬಿಡುತ್ತೇವೆ, ಅಲ್ವಾ?

ಟ್ರಮಡಾಲನ್ನು 2018ರಲ್ಲೇ ಮಾದಕವಸ್ತು ಕಾಯ್ದೆಯಡಿ ತಂದಿದ್ದಾರೆ. ದುಬಾರಿ ಜೀನ್ ಪರೀಕ್ಷೆ ಬೇಡ. ಫಾರಂನಲ್ಲಿ ಈ ಒಂದು ಪ್ರಶ್ನೆ ಸೇರಿಸಲಿ, ಮಲಯಾಳದ ಜೊತೆ ಕನ್ನಡದಲ್ಲೂ.

– ಓದುಗ, ಬದಿಯಡ್ಕ, ಕಾಸರಗೋಡು