ಕಂಪ್ಯೂಟರ್ ಬದಲಾದರೆ ಕನ್ನಡದ ಸೆಟ್ಟಿಂಗ್ಸ್ ಯಾಕೆ ಕಳೆದುಹೋಗಬೇಕು?

ಮಾನ್ಯರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಬಿಸಿ ನಮ್ಮಂಥ ಸಣ್ಣ ಊರಿನ ಟೈಪಿಂಗ್ ಅಂಗಡಿ, ಶಾಲೆ, ಸಹಕಾರ ಸಂಘದವರಿಗೂ ತಟ್ಟಿದೆ. ಹಳೇ ಕಂಪ್ಯೂಟರ್ ಹೋಗಿ ಹೊಸದು ಬರುತ್ತಿದೆ. ಸರ್ವಿಸ್‌ನವರು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ಕಾಪಿ ಮಾಡಿಕೊಟ್ಟು ‘ಡೇಟಾ ಎಲ್ಲಾ ಬಂದಿದೆ ಸಾರ್’ ಅಂತಾರೆ. ಫೈಲುಗಳೇನೋ ಬಂದಿರುತ್ತವೆ. ಆದರೆ ವರ್ಡ್‌ನಲ್ಲೋ ಅದರಂಥದೇ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನಲ್ಲೋ ವರ್ಷಗಟ್ಟಲೆ ಕೂತು ಮಾಡಿಕೊಂಡ ಸೆಟ್ಟಿಂಗ್ಸ್ ಹಳೇ ಡಿಸ್ಕ್‌ನಲ್ಲೇ ಉಳಿದಿರುತ್ತವೆ. ಡಿಸ್ಕ್ ಫಾರ್ಮ್ಯಾಟ್ ಆದರೆ ಮುಗೀತು.

ಇದೇನು ಅಷ್ಟು ದೊಡ್ಡ ನಷ್ಟ ಅಂತ ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಕೆಲಸ ಕ್ರಯಪತ್ರ, ಕರಾರು, ಅಫಿಡವಿಟ್ ಟೈಪ್ ಮಾಡುವುದು. ‘ಚಬಂ’ ಅಂತ ಹೊಡೆದು ಸ್ಪೇಸ್ ಒತ್ತಿದರೆ ‘ಸದರಿ ಸ್ವತ್ತಿನ ಚಕ್ಕುಬಂದಿ: ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ’ ಅಂತ ಪೂರ್ತಿ ಬರಬೇಕು. ಇ-ಸ್ಟಾಂಪ್ ಕಾಗದದ ಮೇಲಿನ ಅರ್ಧದಲ್ಲಿ ಮೊದಲೇ ಪ್ರಿಂಟ್ ಇರುತ್ತದೆ, ಹಾಗಾಗಿ ಮೊದಲ ಪುಟದ ಮೇಲೆ ದೊಡ್ಡ ಜಾಗ ಬಿಟ್ಟು ಎರಡನೇ ಪುಟದಿಂದ ಮಾಮೂಲಿ ಅಂಚು ಬರುವಂತೆ ಟೆಂಪ್ಲೇಟ್ ಮಾಡಿಕೊಂಡಿರುತ್ತೇವೆ. ಊರಿನ ಹೆಸರು, ಮನೆತನದ ಹೆಸರುಗಳಿಗೆ ಸುಮ್ನೆ ಕೆಂಪು ಗೆರೆ ಎಳೆಯಬಾರದು ಅಂತ ನಿಘಂಟಿಗೆ ಸೇರಿಸಿರುತ್ತೇವೆ. ಇದಿಷ್ಟೂ ಇಲ್ಲದ ಹೊಸ ಮಷಿನ್ ಮುಂದೆ ಕೂತರೆ, ನೋಂದಣಿ ಕಚೇರಿಗೆ ಹೊರಟ ಪಾರ್ಟಿಗಳು ಹಿಂದೆ ನಿಂತು ಗಡಿಯಾರ ನೋಡುತ್ತಿರುತ್ತಾರೆ.

ಇವೆಲ್ಲ ಮಾಮೂಲಿ ಫೈಲುಗಳೇ. ಕಾಪಿ ಮಾಡಬಹುದು. ವಿಂಡೋಸ್ ಕೀ ಜೊತೆ R ಒತ್ತಿದರೆ ಬರುವ ರನ್ ಬಾಕ್ಸ್‌ನಲ್ಲಿ ಎರಡು ಪರ್ಸೆಂಟ್ ಗುರುತಿನ ನಡುವೆ ಆಪ್‌ಡೇಟಾ (%appdata%) ಅಂತ ಹೊಡೆದರೆ ಕಣ್ಣಿಗೆ ಬೀಳದ ಒಂದು ಫೋಲ್ಡರ್ ತೆರೆಯುತ್ತದೆ. ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ಟೆಂಪ್ಲೇಟ್ಸ್, ಅಲ್ಲಿ ನಾರ್ಮಲ್ ಅನ್ನೋ ಫೈಲು. ವರ್ಡ್‌ನ ಮೂಲ ಫಾಂಟು, ಅಂಚು, ಸ್ಟೈಲು ಅದರಲ್ಲೇ ಇರೋದು. ‘ಚಬಂ’ ಥರದ ಗಿಡ್ಡ ಪದವನ್ನು ಪೂರ್ತಿ ಮಾಡುವ ಆಟೋಕರೆಕ್ಟ್ ಪಟ್ಟಿ ಪಕ್ಕದ ಆಫೀಸ್ ಫೋಲ್ಡರ್‌ನಲ್ಲಿ, ನಾವು ಸೇರಿಸಿದ ಪದಗಳು ಯುಪ್ರೂಫ್ (UProof) ಅನ್ನೋ ಫೋಲ್ಡರ್‌ನಲ್ಲಿ. ವರ್ಡ್ ಮುಚ್ಚಿಟ್ಟು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊಸದರಲ್ಲಿ ಅದೇ ಜಾಗಕ್ಕೆ ಇಟ್ಟರೆ ಸಾಕು. ಮೇಲಿನ ರಿಬ್ಬನ್‌ನಲ್ಲಿ ಜೋಡಿಸಿಕೊಂಡ ಬಟನ್‌ಗಳಿಗೆ ಮಾತ್ರ ಆಪ್ಷನ್ಸ್ ಒಳಗೇ ಎಕ್ಸ್‌ಪೋರ್ಟ್, ಇಂಪೋರ್ಟ್ ಇದೆ. ಇಂಪೋರ್ಟ್ ಮಾಡಿದರೆ ಹೊಸ ಮಷಿನ್‌ನಲ್ಲಿ ಅಷ್ಟರೊಳಗೆ ಮಾಡಿಕೊಂಡ ಬದಲಾವಣೆ ಹೋಗಿಬಿಡುತ್ತದೆ, ಹಾಗಾಗಿ ಅದನ್ನು ಮೊದಲ ದಿನವೇ ಮಾಡೋದು ಒಳ್ಳೇದು.

ಲಿಬ್ರೆಆಫೀಸ್‌ನಲ್ಲಿ ಇನ್ನೂ ಸುಲಭ. ಅದೇ ಆಪ್‌ಡೇಟಾದಲ್ಲಿ ಲಿಬ್ರೆಆಫೀಸ್, ಅದರೊಳಗೆ 4, ಅದರೊಳಗೆ ಯೂಸರ್. (ಆವೃತ್ತಿ ಎಷ್ಟೇ ಹೊಸದಾದರೂ ಆ ಫೋಲ್ಡರ್ ಹೆಸರು 4 ಅಂತಲೇ ಇದೆ, ಗಾಬರಿ ಬೇಡ.) ಆ ಯೂಸರ್ ಫೋಲ್ಡರ್ ಒಂದನ್ನು ತಂದರೆ ಟೆಂಪ್ಲೇಟು, ಆಟೋಟೆಕ್ಸ್ಟ್, ಪದಪಟ್ಟಿ ಎಲ್ಲಾ ಬಂತು. ಬರೀ ಸ್ಟೈಲ್ ಬೇಕಿದ್ದರೆ ಎಫ್ 11 ಒತ್ತಿ ಟೆಂಪ್ಲೇಟ್‌ನಿಂದ ಲೋಡ್ ಮಾಡಿಕೊಳ್ಳಬಹುದು.

ಕನ್ನಡದವರಿಗೆ ಇಲ್ಲಿ ಒಂದು ತೊಡಕು ಜಾಸ್ತಿ. ಈ ಸಾಫ್ಟ್‌ವೇರ್‌ಗಳು ಕನ್ನಡವನ್ನು ಇಂಗ್ಲಿಷ್ ಜೊತೆ ಇಡದೆ ‘ಕಾಂಪ್ಲೆಕ್ಸ್’ ಲಿಪಿಗಳ ಗುಂಪಿಗೆ ಹಾಕುತ್ತವೆ. ಅಂದರೆ ಒಂದೇ ಸ್ಟೈಲ್‌ನಲ್ಲಿ ಇಂಗ್ಲಿಷ್‌ಗೆ ಒಂದು ಫಾಂಟು, ಅಳತೆ. ಕನ್ನಡಕ್ಕೆ ಬೇರೆಯೇ ಫಾಂಟು, ಅಳತೆ. ಇಂಗ್ಲಿಷಿನ ಅಳತೆಯನ್ನು ಎಷ್ಟು ಬದಲಿಸಿದರೂ ಕನ್ನಡ ಅಕ್ಷರ ಜಗ್ಗುವುದಿಲ್ಲ. ಲಿಬ್ರೆಆಫೀಸ್‌ನಲ್ಲಂತೂ ಆಟೋಕರೆಕ್ಟ್ ಪಟ್ಟಿ ಭಾಷೆಗೊಂದು ಇರುತ್ತದೆ. ಭಾಷೆ ಕನ್ನಡ ಅಂತ ಆರಿಸದೆ ಇದ್ದರೆ ಪಟ್ಟಿ ತಂದು ಇಟ್ಟರೂ ‘ಚಬಂ’ ಹಾಗೇ ‘ಚಬಂ’ ಆಗಿ ಕೂತಿರುತ್ತದೆ. ಅಂಗಡಿಯವರು ಇಂಗ್ಲಿಷ್‌ಗೆ ತಕ್ಕಂತೆ ಸಿದ್ಧ ಮಾಡಿ ಕೊಟ್ಟ ಮಷಿನ್ ಇದು, ಕನ್ನಡದಲ್ಲಿ ಕೆಲಸ ಮಾಡುವವನು ಪ್ರತಿ ಸಲವೂ ಮೊದಲಿಂದ ಶುರು ಮಾಡಬೇಕು. ಇದು ನ್ಯಾಯ ಅಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಅದಕ್ಕೇ ಈ ಪತ್ರ. ಕನ್ನಡ ಗಣಕ ಪರಿಷತ್ತಿನ ಮೂಲಕ ನುಡಿ ತಂತ್ರಾಂಶ ಮಾಡಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟ ಸರ್ಕಾರ ನಮ್ಮದು. ಅದೇ ಸರ್ಕಾರ ಕನ್ನಡಕ್ಕೆ ಸಿದ್ಧಪಡಿಸಿದ ಒಂದು ಸೆಟ್ಟಿಂಗ್ಸ್ ಕಟ್ಟನ್ನೂ ಕೊಡಬಹುದಲ್ವಾ? ವರ್ಡ್‌ಗೆ ಒಂದು, ಲಿಬ್ರೆಆಫೀಸ್‌ಗೆ ಒಂದು. ಅದರಲ್ಲಿ ಯೂನಿಕೋಡ್ ಫಾಂಟಿನ ಸರಿಯಾದ ಅಳತೆ ಇರಲಿ. ಅಧಿಕೃತ ಪತ್ರ, ನಡಾವಳಿ, ಅರ್ಜಿಗಳ ಟೆಂಪ್ಲೇಟ್ ಇರಲಿ. ಜಿಲ್ಲೆ, ತಾಲ್ಲೂಕು, ಹೋಬಳಿಗಳ ಹೆಸರು ಸೇರಿದ ಪದಪಟ್ಟಿ ಇರಲಿ. ಇಂಪೋರ್ಟ್ ಮಾಡುವುದು ಹೇಗೆ ಅಂತ ಕನ್ನಡದಲ್ಲೇ ಒಂದು ಪುಟದ ಸೂಚನೆ ಇರಲಿ. ಸರ್ಕಾರಿ ಕಚೇರಿಗೆ ಕಂಪ್ಯೂಟರ್ ಪೂರೈಸುವವರು ಇದನ್ನು ಹಾಕಿಯೇ ಕೊಡಬೇಕು ಅಂತ ಟೆಂಡರಿನಲ್ಲಿ ಒಂದು ಸಾಲು ಸೇರಿಸಲಿ.

ಇದು ಸರ್ಕಾರದ ಜಾಲತಾಣದಲ್ಲೇ ಸಿಗಬೇಕು ಅನ್ನೋದಕ್ಕೆ ಕಾರಣವಿದೆ. ಟೆಂಪ್ಲೇಟ್ ಒಳಗೆ ಮ್ಯಾಕ್ರೋಗಳೂ, ಅಂದರೆ ತಾನಾಗೇ ಓಡಬಲ್ಲ ಪುಟ್ಟ ಪ್ರೋಗ್ರಾಂಗಳೂ, ಕೂರಬಲ್ಲವು. 1999ರಲ್ಲಿ ಮೆಲಿಸ್ಸಾ ವೈರಸ್ ವರ್ಡ್‌ನ ನಾರ್ಮಲ್ ಟೆಂಪ್ಲೇಟಿಗೇ ಅಂಟಿಕೊಂಡಿತ್ತು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಸೆಟ್ಟಿಂಗ್ಸ್ ಫೈಲನ್ನು ನಂಬಿ ಹಾಕಿಕೊಳ್ಳೋದು ಬೇಡ.

ಅದು ಬರುವವರೆಗೆ ಟೈಪಿಂಗ್ ಕೆಲಸದ ಗೆಳೆಯರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಕಂಪ್ಯೂಟರನ್ನು ಫಾರ್ಮ್ಯಾಟ್‌ಗೆ ಕೊಡುವ ಮುಂಚೆ ಆಪ್‌ಡೇಟಾದಲ್ಲಿರುವ ಮೈಕ್ರೋಸಾಫ್ಟ್, ಲಿಬ್ರೆಆಫೀಸ್ ಫೋಲ್ಡರ್‌ಗಳನ್ನೂ, ಡಾಕ್ಯುಮೆಂಟ್ಸ್‌ನಲ್ಲಿರುವ ಕಸ್ಟಮ್ ಆಫೀಸ್ ಟೆಂಪ್ಲೇಟ್ಸ್ ಫೋಲ್ಡರನ್ನೂ ಕಾಪಿ ಮಾಡಿಕೊಡಿ ಅಂತ ಸರ್ವಿಸ್‌ನವರಿಗೆ ಚೀಟಿಯಲ್ಲಿ ಬರೆದುಕೊಡಿ. ಹೊಸ ಮಷಿನ್ ಮನೆಗೆ ತರುವ ಮುಂಚೆ ಅಲ್ಲೇ ಒಂದು ಸಾಲು ಕನ್ನಡದಲ್ಲಿ ಟೈಪ್ ಮಾಡಿ ನೋಡಿ.

– ನಿಮ್ಮ ಓದುಗ, ತಿಪಟೂರು