ಹೆಲಿಕಾಪ್ಟರ್ ಆಮೇಲೆ ತನ್ನಿ, ಮೊದಲು ಪೈಲಟ್ ಪಕ್ಕದ ಸೀಟಿಗೆ ಜನರನ್ನು ತಯಾರು ಮಾಡಿ: ಶಿವಮೊಗ್ಗ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಎಟಿಆರ್ ಎಂಬ ಸಣ್ಣ ವಿಮಾನ ಬಂದಿಳಿದು ವಿಮಾನ ಸಂಚಾರ ಶುರುವಾಯಿತು. ಆ ಸಂಭ್ರಮ ಈಗ ಹಳತು. ತೀರ್ಥಹಳ್ಳಿ, ಹೊಸನಗರ, ಸಾಗರದ ಯಾವ ಮದುವೆ ಮನೆಯಲ್ಲಿ ಕೂತರೂ ಕೇಳುವ ಮಾತು ಬೇರೆ: "ರನ್‌ವೇ ಆಯ್ತಲ್ಲ, ಇನ್ನೊಂದು ಹೆಲಿಕಾಪ್ಟರ್ ಆಂಬುಲೆನ್ಸ್ ತರಿಸ್ಲಿ ನೋಡುವ."

ಕೇಳುವವರದ್ದೇನೂ ತಪ್ಪಿಲ್ಲ. ನಮ್ಮ ಕಡೆ ರೋಗಿಯ ಸ್ಥಿತಿ ಬಿಗಡಾಯಿಸಿದರೆ ಡಾಕ್ಟರು ಹೇಳುವುದು ಎರಡೇ ಊರಿನ ಹೆಸರು, ಒಂದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಇನ್ನೊಂದು ಮಣಿಪಾಲ. ಮಣಿಪಾಲಕ್ಕೆ ಹೋಗಬೇಕೆಂದರೆ ಆಗುಂಬೆ ಘಾಟಿಯ 14 ತಿರುವು ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಜರಿದರೆ ಅದೂ ಇಲ್ಲ. ಪೊಲೀಸರು ಝೀರೋ ಟ್ರಾಫಿಕ್ ಮಾಡಿಕೊಟ್ಟು ಆಂಬುಲೆನ್ಸ್ ಓಡಿಸಿದ್ದನ್ನು ಮೊಬೈಲಿನಲ್ಲಿ ಕಂಡು ಜನ ಚಪ್ಪಾಳೆ ತಟ್ಟುತ್ತಾರೆ. ಘಾಟಿಯ ತಿರುವಿಗೆ ಝೀರೋ ಟ್ರಾಫಿಕ್ ಮಾಡಿ ಏನು ಪ್ರಯೋಜನ? ಅಲ್ಲಿ ಗಾಡಿ ಓಡುವುದೇ ಇಪ್ಪತ್ತು ಮೂವತ್ತರ ವೇಗದಲ್ಲಿ.

ಹಾಗಾಗಿ ಹೆಲಿಕಾಪ್ಟರ್ ಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಒಂದಲ್ಲ ಒಂದು ದಿನ ಅದು ಬರುತ್ತದೆ. ನೀವಲ್ಲದಿದ್ದರೆ ನಿಮ್ಮ ನಂತರದವರು ತರುತ್ತಾರೆ. ಬಂದಾಗ ಟೇಪು ಕತ್ತರಿಸುವ ಫೋಟೋದಲ್ಲಿ ಪೈಲಟ್ ಇರುತ್ತಾರೆ, ಡಾಕ್ಟರ್ ಇರುತ್ತಾರೆ. ಪೈಲಟ್ ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ, ಅವರಿಗೆ ಏನು ಕಲಿಸಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಅದನ್ನು ಈಗಲೇ ಕೇಳುತ್ತಿದ್ದೇನೆ.

ನಾನು ವಾಯುಸೇನೆಯಲ್ಲಿ ಎಂಐ-8, ಆಮೇಲೆ ಎಂಐ-17 ಹೆಲಿಕಾಪ್ಟರುಗಳಲ್ಲಿ ಫ್ಲೈಟ್ ಎಂಜಿನಿಯರ್ ಆಗಿದ್ದವನು. ಪೈಲಟ್ ಆಗಿರಲಿಲ್ಲ. ಇಬ್ಬರು ಪೈಲಟ್‌ಗಳ ನಡುವೆ, ಕಾಕ್‌ಪಿಟ್ ಬಾಗಿಲಲ್ಲೇ ಮಡಚುವ ಪುಟ್ಟ ಸೀಟು ನನ್ನದು. ಎಂಜಿನ್ ಶುರು ಮಾಡುವಾಗಿನ ಉಷ್ಣತೆ, ಗೇರ್‌ಬಾಕ್ಸಿನ ಎಣ್ಣೆ ಒತ್ತಡ, ಇಂಧನ ಇವುಗಳ ಮೇಲೆ ಕಣ್ಣಿಡುವುದು, ಚೆಕ್‌ಲಿಸ್ಟ್ ಓದುವುದು, ಇಳಿಯುವಾಗ ಬಾಗಿಲು ತೆರೆದು ಬಗ್ಗಿ ನೋಡಿ ಬಾಲ ಎಲ್ಲಿಗೆ ಬಂತು, ಚಕ್ರದ ಕೆಳಗೆ ಕಲ್ಲಿದೆಯೇ ಹೊಂಡವಿದೆಯೇ ಎಂದು ಹೇಳುತ್ತಾ ಹೋಗುವುದು. ಹೆಲಿಕಾಪ್ಟರಿನ ಪೈಲಟ್‌ಗೆ ಹಿಂದುಗಡೆ ಕಾಣುವುದಿಲ್ಲ. ಕಣಿವೆಯಲ್ಲಿ ಇಳಿಯುವಾಗ ಅವರ ಎರಡು ಕೈ, ಎರಡು ಕಾಲು ನಾಲ್ಕೂ ಕೆಲಸದಲ್ಲಿರುತ್ತವೆ. ಆ ಹೊತ್ತಿನಲ್ಲಿ ರೇಡಿಯೋ ಚಾನೆಲ್ ಬದಲಿಸು, ನಕ್ಷೆ ನೋಡು, ತಂತಿ ಹುಡುಕು ಅಂದರೆ ಯಾವುದೋ ಒಂದು ಬಿಟ್ಟುಹೋಗುತ್ತದೆ.

ನಮ್ಮಲ್ಲಿ ಕೊನೆಗೌಡ ಅಡಿಕೆ ಮರ ಹತ್ತಿ ಕೊನೆ ಕಿತ್ತು ಹಗ್ಗಕ್ಕೆ ಬಿಟ್ಟರೆ, ಕೆಳಗೆ ಹಗ್ಗ ಹಿಡಿದು ನಿಂತವನು ಅದನ್ನು ಇಳಿಸಿಕೊಳ್ಳುತ್ತಾನೆ. ಹಗ್ಗ ಹಿಡಿಯುವವನಿಗೆ ಮರ ಹತ್ತಲು ಬರಬೇಕಿಲ್ಲ. ಆದರೆ ಯಾವಾಗ ಬಿಗಿ ಹಿಡಿಯಬೇಕು, ಯಾವಾಗ ಸಡಿಲ ಬಿಡಬೇಕು ಗೊತ್ತಿರಲೇಬೇಕು. ದಾರಿಯಲ್ಲಿ ಹೋಗುವವನನ್ನು ಕರೆದು ಹಗ್ಗ ಕೊಡುವ ತೋಟದ ಯಜಮಾನ ನಮ್ಮ ತಾಲ್ಲೂಕಿನಲ್ಲಂತೂ ಇಲ್ಲ.

ಯುರೋಪಿನಲ್ಲಿ ಇದನ್ನು ನಿಯಮವಾಗಿಯೇ ಮಾಡಿದ್ದಾರೆ. ಅಲ್ಲಿ ಹೆಲಿಕಾಪ್ಟರ್ ಆಂಬುಲೆನ್ಸ್ ಹಗಲು ಹಾರಬೇಕಾದರೆ ಕನಿಷ್ಠ ಒಬ್ಬ ಪೈಲಟ್ ಮತ್ತು ತರಬೇತಾದ ಒಬ್ಬ ತಾಂತ್ರಿಕ ಸಿಬ್ಬಂದಿ ಇರಬೇಕು. ಈ ಎರಡನೆಯವರು ಬಹುತೇಕ ಪ್ಯಾರಾಮೆಡಿಕ್ ಅಥವಾ ನರ್ಸ್. ರೋಗಿಯ ಕಡೆಗೆ ಹೋಗುವಾಗ ಅವರು ಮುಂದೆ ಪೈಲಟ್ ಪಕ್ಕ ಕೂರುತ್ತಾರೆ. ಬೇರೆ ವಿಮಾನ, ಕಂಬ, ತಂತಿ ಕಂಡರೆ ಹೇಳುವುದು, ಇಳಿಯುವ ಜಾಗ ಆರಿಸಲು ನೆರವಾಗುವುದು, ದಾರಿ ನೋಡುವುದು, ರೇಡಿಯೋ ಹೊಂದಿಸುವುದು, ಚೆಕ್‌ಲಿಸ್ಟ್ ಓದುವುದು, ಮಾಪಕಗಳನ್ನು ಗಮನಿಸುವುದು, ಇವೆಲ್ಲ ಅವರ ಕೆಲಸದ ಪಟ್ಟಿಯಲ್ಲೇ ಇವೆ. ಜಪಾನಿನ ಡಾಕ್ಟರ್ ಹೆಲಿಕಾಪ್ಟರುಗಳಲ್ಲಿ ಈ ಜಾಗದಲ್ಲಿ ಮೆಕ್ಯಾನಿಕ್ ಕೂರುತ್ತಾರೆ. ಯಾರು ಕೂತರೂ ಸುಮ್ಮನೆ ಕೂರುವ ಹಾಗಿಲ್ಲ.

ನಮ್ಮ ದೇಶಕ್ಕೆ ಬನ್ನಿ. 2025ರ ಮೇ 8ರಂದು ಉತ್ತರಕಾಶಿಯ ಗಂಗನಾನಿ ಬಳಿ ಬೆಲ್ 407 ಹೆಲಿಕಾಪ್ಟರ್ ಬಿದ್ದು ಪೈಲಟ್ ಸೇರಿ ಆರು ಜನ ಸತ್ತರು. ರಸ್ತೆಯಲ್ಲಿ ಇಳಿಸಲು ಹೋದಾಗ ಅಲ್ಲಿ ಮೇಲೆ ಹಾದುಹೋಗಿದ್ದ ಫೈಬರ್ ಕೇಬಲ್‌ಗೆ ಅದರ ತಿರುಗುವ ರೆಕ್ಕೆ ತಾಗಿತ್ತು ಎಂದು ತನಿಖೆಯ ಪ್ರಾಥಮಿಕ ವರದಿ ಹೇಳಿತು. ಪೈಲಟ್ ಒಬ್ಬರೇ. ಪಕ್ಕದಲ್ಲಿ ತಂತಿ ಹುಡುಕುವುದನ್ನೇ ಕಲಿತ ಎರಡು ಕಣ್ಣು ಇದ್ದಿದ್ದರೆ ಉಳಿಯುತ್ತಿದ್ದರು ಎಂದು ಯಾರೂ ಆಣೆ ಮಾಡಿ ಹೇಳಲಾರರು, ನಾನೂ ಹೇಳುವುದಿಲ್ಲ. ಅದೇ ಮೇ 17ಕ್ಕೆ ಋಷಿಕೇಶದ ಏಮ್ಸ್ ಹೆಲಿ ಆಂಬುಲೆನ್ಸ್ ಕೇದಾರನಾಥದಲ್ಲಿ ಇಳಿಯುವಾಗ ಬಾಲ ಮುರಿದುಕೊಂಡಿತು. ಅದರಲ್ಲಿ ಇದ್ದವರು ಪೈಲಟ್, ಡಾಕ್ಟರ್, ನರ್ಸಿಂಗ್ ಸಿಬ್ಬಂದಿ. ಪುಣ್ಯಕ್ಕೆ ಮೂವರೂ ಬದುಕಿದರು. 2024ರ ಅಕ್ಟೋಬರ್ 29ರಂದು ಶುರುವಾಗಿದ್ದ ಸೇವೆ ಅದು, ವರ್ಷ ತುಂಬಿರಲಿಲ್ಲ.

ಮಲೆನಾಡಿನ ಆಕಾಶದಲ್ಲಿ ತಂತಿ ಎಷ್ಟಿದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಶರಾವತಿ, ವಾರಾಹಿಯಲ್ಲಿ ಹುಟ್ಟಿದ ಕರೆಂಟು ಗುಡ್ಡದಿಂದ ಗುಡ್ಡಕ್ಕೆ ಹಾರಿಕೊಂಡೇ ಹೊರಗೆ ಹೋಗುವುದು. ಕಣಿವೆಯ ಎರಡು ದಡದಲ್ಲಿ ಟವರ್ ಇರುತ್ತದೆ, ನಡುವಿನ ತಂತಿ ಕಾಡಿನ ಹಸಿರಿನ ಮುಂದೆ ಕಾಣುವುದೇ ಇಲ್ಲ. ಹಾರುವವರು ತಂತಿ ಹುಡುಕುವುದಿಲ್ಲ, ಟವರ್ ಹುಡುಕುತ್ತಾರೆ. ಒಂದು ಟವರ್ ಕಂಡರೆ ಅದರ ಜೊತೆಯದು ಎಲ್ಲಿ ಅಂತ ನೋಡುತ್ತಾರೆ. ಇದು ಕಲಿಸಿದರೆ ಬರುವ ವಿದ್ಯೆ. ಇನ್ನು ಶಾಲೆ ಮೈದಾನದ ಅಂಚಿನ ಮೆಸ್ಕಾಂ ಲೈನು, ತೋಟದ ಪಂಪಿಗೆ ಎಳೆದ ಸರ್ವಿಸ್ ವೈರು, ಮರದಿಂದ ಮರಕ್ಕೆ ಕಟ್ಟಿದ ಕೇಬಲ್ ಟಿವಿ ತಂತಿ. ಇವು ಯಾವ ನಕ್ಷೆಯಲ್ಲಿ ಸಿಗುತ್ತವೆ? ಊರಿನ ಲೈನ್‌ಮನ್ ತಲೆಯಲ್ಲಿ ಇವೆ. ಅವರ ಜೊತೆ ಓಡಾಡಿ ಹೋಬಳಿಗೆ ಎರಡು ಮೂರು ಇಳಿದಾಣ ಗುರುತಿಸಿ, ಸುತ್ತಲಿನ ತಂತಿಗಳ ನಕ್ಷೆ ಬರೆದು, ಮಳೆಗಾಲ ಮುಗಿದ ಕೂಡಲೇ ಅದನ್ನು ತಿದ್ದುತ್ತಾ ಇರುವುದು ಕೂಡ ಈ ಪಕ್ಕದ ಸೀಟಿನವರ ಕೆಲಸವೇ ಆಗಬೇಕು. ನೆಲದ ಮೇಲಿನ ಕೆಲಸ ನೋಡಿ ಇದು, ಇದಕ್ಕೆ ಹೆಲಿಕಾಪ್ಟರ್ ಬರುವವರೆಗೆ ಕಾಯಬೇಕಿಲ್ಲ.

"ಇಬ್ಬರು ಪೈಲಟ್ ಹಾಕಿದರಾಯ್ತಲ್ಲ" ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಹಾಕಲಿ, ಒಳ್ಳೆಯದೇ. ಆದರೆ ತಲೆ ಎಣಿಸಿದರೆ ಸಾಲದು. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರು ನಲ್ಲಮಲ ಕಾಡಿನಲ್ಲಿ ತೀರಿಹೋದರಲ್ಲ, ಆ ಬೆಲ್ 430ರಲ್ಲಿ ಪೈಲಟ್‌ಗಳು ಇಬ್ಬರಿದ್ದರು. ಟ್ರಾನ್ಸ್‌ಮಿಷನ್ ಎಣ್ಣೆಯ ತೊಂದರೆಗೆ ಏನು ಮಾಡಬೇಕು ಎಂಬ ಪುಟವನ್ನು ಚೆಕ್‌ಲಿಸ್ಟಿನಲ್ಲಿ ಹುಡುಕುತ್ತಾ ಆರು ನಿಮಿಷಕ್ಕೂ ಹೆಚ್ಚು ಕಾಲ ಅದರಲ್ಲೇ ಮುಳುಗಿದ್ದರು ಎಂದು ತನಿಖಾ ಸಮಿತಿ ಬರೆಯಿತು. ಹೊರಗೆ ಕಪ್ಪು ಮೋಡ. ಹೆಲಿಕಾಪ್ಟರ್ ಕೆಳಕ್ಕೆ ಇಳಿಯುತ್ತಿದ್ದುದು ಲಕ್ಷ್ಯಕ್ಕೆ ಬರಲಿಲ್ಲ. ಒಬ್ಬರು ಹಾರಿಸಬೇಕು, ಇನ್ನೊಬ್ಬರು ಪುಸ್ತಕ ತೆಗೆಯಬೇಕು. ಯಾವ ಪುಟ ಎಲ್ಲಿದೆ ಎಂದು ನೆಲದ ಮೇಲೆ ಕೂತಾಗಲೇ ಬೆರಳಿಗೆ ಬಂದಿರಬೇಕು. ಅದಕ್ಕೇ ತರಬೇತಿ ಎನ್ನುವುದು.

ಇನ್ನೊಂದು, ನಮ್ಮ ಪಕ್ಕದ ಮಂಗಳೂರಿನದೇ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನದಲ್ಲಿ ಸಹ ಪೈಲಟ್ "ಗೋ ಅರೌಂಡ್", ಅಂದರೆ ಇಳಿಸಬೇಡಿ, ಮತ್ತೆ ಮೇಲೇರಿ ಎಂದು ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಸಿದರು. 158 ಜನ ಹೋದರು. ಕೆಂಜಾರಿನ ಆ ಕಣಿವೆಗೆ ನಮ್ಮ ಜಿಲ್ಲೆಯಿಂದಲೂ ಜನ ಹೋಗಿ ನೋಡಿ ಬಂದಿದ್ದಾರೆ, ಆದರೆ ಆ ಮೂರು ಸಲದ ಮಾತು ಯಾರಿಗೂ ನೆನಪಿಲ್ಲ. ಪಕ್ಕದವರಿಗೆ ಹೇಳುವ ಧೈರ್ಯ ಕಲಿಸುವುದು ಅರ್ಧ ಕೆಲಸ. ಕೇಳುವುದನ್ನು ಪೈಲಟ್‌ಗೆ ಕಲಿಸುವುದು ಉಳಿದರ್ಧ. ಅದರಲ್ಲೂ ನಮ್ಮ ಜನಕ್ಕೆ ದೊಡ್ಡವರ ಎದುರು "ಬೇಡ ಸರ್" ಎನ್ನಲು ಬಾಯಿ ಬರುವುದಿಲ್ಲ. ಇಪ್ಪತ್ತಮೂರು ವರ್ಷದ ಸ್ಟಾಫ್ ನರ್ಸ್ ಒಬ್ಬಳು ನಿವೃತ್ತ ವಿಂಗ್ ಕಮಾಂಡರ್ ಒಬ್ಬರಿಗೆ "ಸರ್, ಎರಡು ಗಂಟೆ ದಿಕ್ಕಿನಲ್ಲಿ (ಅಂದರೆ ಮುಂದೆ ಬಲಗಡೆ) ತಂತಿ, ನಿಲ್ಲಿಸಿ" ಎಂದು ಗಟ್ಟಿಯಾಗಿ ಹೇಳಬೇಕು. ಪೈಲಟ್ ಮತ್ತು ಸಿಬ್ಬಂದಿಯನ್ನು ಒಟ್ಟಿಗೆ ಕೂರಿಸಿ ಅಭ್ಯಾಸ ಮಾಡಿಸದೆ ಇದು ಆಗುವ ಮಾತಲ್ಲ.

ದೊಡ್ಡ ವಿಮಾನಗಳಲ್ಲಿ ಗಗನಸಖಿಯರಿಗೂ ಇದರ ಒಂದು ಪಾಠ ಇರುತ್ತದೆ. ಪೈಲಟ್ ಒಬ್ಬರು ಎಚ್ಚರ ತಪ್ಪಿ ಬಿದ್ದರೆ ಮೈಯನ್ನು ಕಂಟ್ರೋಲಿನಿಂದ ಹಿಂದಕ್ಕೆಳೆದು, ಬೆಲ್ಟ್ ಬಿಗಿದು, ಸೀಟು ಹಿಂದೆ ಸರಿಸಿ, ಆಮ್ಲಜನಕ ಕೊಟ್ಟು, ಇನ್ನೊಬ್ಬ ಪೈಲಟ್‌ಗೆ ಚೆಕ್‌ಲಿಸ್ಟ್ ಓದಿ ಹೇಳುವುದು. ಟ್ರಾಲಿ ತಳ್ಳುವವರು ಎಂದು ನಾವು ತಿಳಿದ ಜನ ಅವರು. 1990ರಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ಮುಂದಿನ ಗಾಜು ಕಿತ್ತುಹೋಗಿ ಕ್ಯಾಪ್ಟನ್ ಅರ್ಧ ಹೊರಗೆ ಸೆಳೆದುಹೋದಾಗ, ಕ್ಯಾಬಿನ್ ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ವಿಮಾನ ಇಳಿಸಿದರು. ಕ್ಯಾಪ್ಟನ್ ಬದುಕಿದರು.

ಸರಿ, ನಿಮ್ಮಿಂದ ಆಗಬೇಕಾದ್ದೇನು?

ಹೆಲಿಕಾಪ್ಟರ್ ಸೇವೆಗೆ ಟೆಂಡರ್ ಕರೆಯುವ ದಿನ ಬಂದಾಗ, ಪಕ್ಕದ ಸೀಟಿನ ತರಬೇತಾದ ಸಿಬ್ಬಂದಿ ಇಲ್ಲದೆ ಹಾರಾಟವಿಲ್ಲ ಎಂಬ ಷರತ್ತು ಅದರಲ್ಲಿ ಬರೆಯಿಸಿ. ವಿಮಾನಯಾನಕ್ಕೆ ನಿಯಮ ಮಾಡುವ ಕೇಂದ್ರದ ಡಿಜಿಸಿಎ ಹೇಳುವುದು ಕನಿಷ್ಠ. ದುಡ್ಡು ಕೊಡುವವರು ಅದಕ್ಕಿಂತ ಹೆಚ್ಚು ಕೇಳಬಾರದು ಎಂದು ಯಾವ ನಿಯಮವೂ ಇಲ್ಲ. ಖರ್ಚು ಹೆಚ್ಚುತ್ತದೆ, ಒಬ್ಬರ ತೂಕ ಹೆಚ್ಚುತ್ತದೆ ಎಂದು ಕಂಪನಿಯವರು ರಾಗ ಎಳೆಯುತ್ತಾರೆ. ತೂಕದ ಮಾತು ಸುಳ್ಳಲ್ಲ, ಗುಡ್ಡದ ಮೇಲೆ ಸೆಖೆಯ ದಿನ ಹೆಲಿಕಾಪ್ಟರಿನ ಶಕ್ತಿ ಇಳಿಯುತ್ತದೆ. ಆದರೆ ನರ್ಸ್ ಹೇಗೂ ಹೋಗುವವರೇ. ಅವರನ್ನು ಹಿಂದೆ ಸುಮ್ಮನೆ ಕೂರಿಸುವ ಬದಲು ಮುಂದೆ ಕೂರಿಸುವುದಷ್ಟೇ. ವಾಪಸು ಬರುವಾಗ ರೋಗಿಯ ಹತ್ತಿರ ಡಾಕ್ಟರ್ ಒಬ್ಬರೇ ಸಾಕಾದರೆ ಮುಂದಿನ ಸೀಟಿನಲ್ಲೇ ಇರಲಿ.

ಆ ಸೀಟಿಗೆ ಬೆಂಗಳೂರಿನಿಂದ ಯಾರನ್ನೋ ಕರೆತರಬೇಡಿ. 108ರಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಮಕ್ಕಳಿದ್ದಾರೆ. ಬಿದನೂರು ನಗರ, ಕಾರ್ಗಲ್, ಬ್ಯಾಕೋಡು ಎಲ್ಲಿದೆ, ಯಾವ ಹೊಳೆ ಯಾವ ಕಡೆ ತಿರುಗುತ್ತದೆ ಎಂದು ಅವರಿಗೆ ಜಿಪಿಎಸ್ ಹೇಳಿಕೊಡಬೇಕಿಲ್ಲ. ರೇಡಿಯೋದಲ್ಲಿ ಮಾತಾಡಲು ಪರವಾನಗಿ ಬೇಕು. ಹಿಂದೆ ಆ ಪರೀಕ್ಷೆ ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು, 2024ರ ಹೊಸ ವಾಯುಯಾನ ಕಾನೂನು ಅದನ್ನು ಡಿಜಿಸಿಎಗೆ ವಹಿಸಿದೆ. ಸಿಮ್ಯುಲೇಟರ್ ಬೇಕೆಂದರೆ ಬೆಂಗಳೂರಿನಲ್ಲಿದೆ. ಹೆಲಿಕಾಪ್ಟರ್ ಕಟ್ಟುವ ಎಚ್‌ಎಎಲ್ ಕಾರ್ಖಾನೆಯೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿದೆ. ಕಲಿಸುವವರು ದೂರದಲ್ಲಿಲ್ಲ.

ಕೊನೆಯದಾಗಿ, ಇದು ಸ್ವಲ್ಪ ಕಹಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟೋ ದಿನ ಆಗುಂಬೆಯ ಮೋಡ ನೆಲಕ್ಕೇ ಇಳಿದಿರುತ್ತದೆ. ಆ ದಿನ ಹೆಲಿಕಾಪ್ಟರ್ ಹಾರಬಾರದು. ಅಮೆರಿಕದ ಹೆಲಿಕಾಪ್ಟರ್ ಆಂಬುಲೆನ್ಸ್ ತಂಡಗಳಲ್ಲಿ ಒಂದು ಕ್ರಮ ಇದೆ: ಹೊರಡಲು ಪೈಲಟ್ ಮತ್ತು ಇಬ್ಬರು ವೈದ್ಯಕೀಯ ಸಿಬ್ಬಂದಿ ಮೂವರೂ ಒಪ್ಪಬೇಕು, ಬೇಡವೆನ್ನಲು ಒಬ್ಬರು ಸಾಕು. ನಮ್ಮಲ್ಲೂ ಪಕ್ಕದ ಸೀಟಿನ ನರ್ಸ್ ಬೇಡ ಎಂದರೆ ಬೇಡವೇ. ರೋಗಿ ಯಾರ ಕಡೆಯವರೇ ಆಗಿರಲಿ, ಶಾಸಕರ ಕಚೇರಿಯಿಂದಾಗಲಿ ನಿಮ್ಮ ಕಚೇರಿಯಿಂದಾಗಲಿ ಹಾರಬೇಕೋ ಬೇಡವೋ ಎಂದು ತೀರ್ಮಾನಿಸುವ ಕೋಣೆಗೆ ಫೋನ್ ಹೋಗಬಾರದು. ಇದನ್ನೂ ಟೆಂಡರಿನಲ್ಲಿ ಬರೆಯಿಸಬಹುದೋ ಏನೋ, ನೀವೇ ನೋಡಿ.

ತೀರ್ಥಹಳ್ಳಿ, ಸಾಗರ, ಭದ್ರಾವತಿ ಸುತ್ತಮುತ್ತ ನನ್ನ ಹಾಗೆ ವಾಯುಸೇನೆಯಿಂದ ನಿವೃತ್ತರಾಗಿ ತೋಟ ನೋಡಿಕೊಂಡಿರುವವರು ಕೆಲವರಿದ್ದೇವೆ. ಇಳಿದಾಣ ಗುರುತಿಸುವುದು, ತಂತಿ ನಕ್ಷೆ, ಹೆಲಿಕಾಪ್ಟರಿನ ಹತ್ತಿರ ಹೇಗೆ ಹೋಗಬೇಕು, ಬಾಲದ ರೆಕ್ಕೆಯಿಂದ ಹೇಗೆ ದೂರ ಇರಬೇಕು, ಇಂಟರ್‌ಕಾಮಿನಲ್ಲಿ ಹೇಗೆ ಮಾತಾಡಬೇಕು, ಇಷ್ಟನ್ನು ನಾವು ಸಂಬಳ ಕೇಳದೆ ಕಲಿಸುತ್ತೇವೆ. ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಮಾತು ಹೇಳಿ ಮೊದಲ ತಂಡಕ್ಕೆ ಹತ್ತು ಹನ್ನೆರಡು ಜನರನ್ನು ಕೊಡಿಸಿ. ಅಡಿಕೆ ಕೊಯ್ಲು ಮುಗಿದ ಮೇಲೆ ಯಾವ ವಾರವಾದರೂ ಆದೀತು.

ಇತಿ,
ವಾಯುಸೇನೆಯ ನಿವೃತ್ತ ಫ್ಲೈಟ್ ಎಂಜಿನಿಯರ್,
ತೀರ್ಥಹಳ್ಳಿ ತಾಲ್ಲೂಕು